ನಾವು ಕಟ್ಟುವ ತೆರಿಗೆಯಲ್ಲಿ ನಮ್ಮ ಬೀದಿಯ ಡಾಂಬರಿಗೆ ಎಷ್ಟು ಸಿಗುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಸ್ವಂತ ಮನೆಯಿದೆ. ಆಸ್ತಿ ತೆರಿಗೆಯನ್ನು ಒಂದು ವರ್ಷವೂ ಬಾಕಿ ಉಳಿಸಿಕೊಂಡಿಲ್ಲ. ಕಾರು ಕೊಂಡಾಗ ಆರ್‌ಟಿಒದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತೆರಿಗೆ ಕಟ್ಟಿದ್ದೇನೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಮತ್ತೆ ತೆರಿಗೆ. ಇಷ್ಟಾದರೂ ನಮ್ಮ ಅಡ್ಡರಸ್ತೆ ಗುಂಡಿ ಬಿದ್ದು ವರ್ಷಗಳಾಗಿವೆ. ಎಂಜಿನಿಯರ್ ಅವರನ್ನು ಕೇಳಿದರೆ ‘ಅನುದಾನ ಇಲ್ಲ’ ಎನ್ನುತ್ತಾರೆ. ಆದರೆ ಹತ್ತಿರದ ಮುಖ್ಯರಸ್ತೆಗೆ ಕೋಟಿಗಟ್ಟಲೆ ಸುರಿಯುತ್ತಿದ್ದಾರೆ. ನಮ್ಮ ಹಣ ಎಲ್ಲಿಗೆ ಹೋಗುತ್ತದೆ? ಒಂದು ರಸ್ತೆ ಯಾವ ಹಣದಲ್ಲಿ ಆಯಿತೆಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ: ನೀವು ಹೇಳಿದ ಮೂರು ತೆರಿಗೆಗಳ ಪೈಕಿ ನಿಮ್ಮ ಅಡ್ಡರಸ್ತೆಗೆ ನೇರವಾಗಿ ಸಂಬಂಧಿಸಿದ್ದು ಆಸ್ತಿ ತೆರಿಗೆ ಒಂದೇ. ಕಾರಿನ ತೆರಿಗೆ, ಪೆಟ್ರೋಲಿನ ಮಾರಾಟ ತೆರಿಗೆ ಎರಡೂ ರಾಜ್ಯದ ಬೊಕ್ಕಸಕ್ಕೆ ಹೋಗುತ್ತವೆ. ಅಲ್ಲಿಂದ ನಗರಕ್ಕೆ ಬರುವಾಗ ಅವು ‘ಅನುದಾನ’ವಾಗಿ, ಯಾವುದೋ ಯೋಜನೆಯ ಹೆಸರು ಹೊತ್ತು, ಯಾವ ರಸ್ತೆಗೆ ಎಂಬ ಷರತ್ತಿನೊಂದಿಗೆ ಬರುತ್ತವೆ. ಹೊಸ ರಸ್ತೆ, ವೈಟ್‌ಟಾಪಿಂಗ್ (ಡಾಂಬರು ರಸ್ತೆಯ ಮೇಲೆ ಕಾಂಕ್ರೀಟ್ ಪದರ ಹಾಕುವುದು), ಮೇಲ್ಸೇತುವೆಗಳಿಗೆ ಅನುದಾನ ಸಿಗುವುದು, ಗುಂಡಿ ಮುಚ್ಚಲು ಹಣ ಸಿಗದಿರುವುದು, ಎರಡಕ್ಕೂ ಕಾರಣ ಈ ವ್ಯವಸ್ಥೆಯೇ. ಎಂಜಿನಿಯರ್ ಹೇಳಿದ್ದು ಸುಳ್ಳಿರಲಾರದು. ಆದರೆ ಯಾವ ಲೆಕ್ಕದಲ್ಲಿ ಹಣವಿಲ್ಲ ಎಂದು ನೀವು ಕೇಳಬೇಕು.

ಮೊದಲು ಕಾರಿನ ತೆರಿಗೆ. ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ 1957ರದ್ದು. 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18ರಂತೆ ಜೀವಿತಾವಧಿ ತೆರಿಗೆ. 12 ಲಕ್ಷದ ಕಾರಿಗೆ 2,04,000 ರೂಪಾಯಿ, ಅದರ ಮೇಲೆ ಸೆಸ್ ಬೇರೆ. ಮೂಲ ತೆರಿಗೆ ರಾಜ್ಯ ಬಜೆಟ್‌ನಲ್ಲಿ 0041 ಎಂಬ ಲೆಕ್ಕಶೀರ್ಷಿಕೆಗೆ ಜಮೆಯಾಗುತ್ತದೆ. 2025-26ರ ಬಜೆಟ್‌ನಲ್ಲಿ ಸಾರಿಗೆ ಇಲಾಖೆಗೆ ಕೊಟ್ಟ ಗುರಿ 15,000 ಕೋಟಿ. ಈ ಹಣವೆಲ್ಲ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಶಿಕ್ಷಕರ ಸಂಬಳ, ಪಿಂಚಣಿ, ಸಾಲದ ಬಡ್ಡಿ, ಗ್ಯಾರಂಟಿ ಯೋಜನೆಗಳಿಗೆ ಖರ್ಚಾಗುವುದೂ ಅದೇ ನಿಧಿಯಿಂದ. ಲೋಕೋಪಯೋಗಿ ಇಲಾಖೆಯ ರಸ್ತೆ ನಿರ್ಮಾಣ 5054ರಲ್ಲಿ, ನಿರ್ವಹಣೆ 3054ರಲ್ಲಿ ಬರುತ್ತದೆ. 0041ರಲ್ಲಿ ಬಂದದ್ದು ಇಷ್ಟು, ಹಾಗಾಗಿ 5054ಕ್ಕೆ ಇಷ್ಟು ಕೊಡಬೇಕು ಎಂಬ ನಿಯಮ ಇಲ್ಲ. ಸೆಸ್‌ಗೆ ಮಾತ್ರ ಉದ್ದೇಶ ನಿಗದಿಯಾಗಿದೆ: ಕಾಯ್ದೆಯ 3ಎ ಕಲಮಿನ ಸೆಸ್ ರಾಜ್ಯದ ಮೂಲಸೌಕರ್ಯ ಯೋಜನೆಗಳಿಗೆ, ಬೆಂಗಳೂರು ಮೆಟ್ರೊದ ಷೇರು ಬಂಡವಾಳಕ್ಕೆ, ಮುಖ್ಯಮಂತ್ರಿ ಗ್ರಾಮೀಣ ರಸ್ತೆ ಅಭಿವೃದ್ಧಿ ನಿಧಿಗೆ. ನಗರದ ವಾರ್ಡ್ ರಸ್ತೆ ಆ ಪಟ್ಟಿಯಲ್ಲಿಲ್ಲ.

ಇಂಧನದ್ದೂ ಇದೇ ಕಥೆ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಗೆ ಬಂದಿಲ್ಲವಾದ್ದರಿಂದ ರಾಜ್ಯವೇ ಮಾರಾಟ ತೆರಿಗೆ ಹಾಕುತ್ತದೆ. 2024ರ ಜೂನ್‌ನಲ್ಲಿ ಪೆಟ್ರೋಲಿನ ದರ ಶೇ 25.92ರಿಂದ ಶೇ 29.84ಕ್ಕೆ ಏರಿತು. ಡೀಸೆಲ್ ಆಗ ಶೇ 18.44 ಆಗಿ, 2025ರ ಏಪ್ರಿಲ್‌ನಿಂದ ಶೇ 21.17 ಆಯಿತು. ಇದರಲ್ಲಿ ಪಾಲಿಕೆಗೆ ನೇರ ಪಾಲಿಲ್ಲ. ಕೇಂದ್ರ ವಸೂಲು ಮಾಡುವ ರಸ್ತೆ ಮತ್ತು ಮೂಲಸೌಕರ್ಯ ಸೆಸ್‌ನ ದೊಡ್ಡ ಭಾಗ ರಾಷ್ಟ್ರೀಯ ಹೆದ್ದಾರಿಗಳಿಗೆ, ರಾಜ್ಯದ ಪಾಲಿನದು ರಾಜ್ಯದ ಪ್ರಮುಖ ರಸ್ತೆಗಳಿಗೆ ಹೋಗುತ್ತದೆ. ಅಂದರೆ ವಾಹನ ಸವೆಸುವುದು ನಗರದ ರಸ್ತೆಯನ್ನು, ವಾಹನದ ತೆರಿಗೆ ಸಿಗುವುದು ಬೇರೆ ಸರ್ಕಾರಕ್ಕೆ. ನಗರ ರಸ್ತೆಗಳ ಹಣಕಾಸಿನ ಮೂಲ ತೊಡಕು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿಸಿ, ‘ರಸ್ತೆಗಳು ಮತ್ತು ಸೇತುವೆಗಳು’ ಎಂಬ ಬಾಬನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸದ ಪಟ್ಟಿಗೆ ಹಾಕಿತು. ಕೆಲಸ ಕೊಟ್ಟಿತೇ ಹೊರತು ತೆರಿಗೆಯನ್ನು ರಾಜ್ಯದ ಇಚ್ಛೆಗೆ ಬಿಟ್ಟಿತು. ನಗರಕ್ಕೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ನಮ್ಮಲ್ಲಿ 1979ರಲ್ಲೇ ರದ್ದಾಗಿತ್ತು. 2017ರ ಜಿಎಸ್‌ಟಿಯೊಂದಿಗೆ ಜಾಹೀರಾತು ತೆರಿಗೆಯೂ ಹೋಯಿತು. ದೊಡ್ಡ ಮೊತ್ತ ತರುವ ಸ್ವಂತ ತೆರಿಗೆ ಎಂದು ಉಳಿದದ್ದು ಆಸ್ತಿ ತೆರಿಗೆ.

ನಿಮ್ಮ ಆಸ್ತಿ ತೆರಿಗೆಯ ರಸೀದಿಯನ್ನು ಕೈಯಲ್ಲಿ ಹಿಡಿದು ಈ ಲೆಕ್ಕ ನೋಡಿ. ಬೆಂಗಳೂರಿನಲ್ಲಿ 2008ರಿಂದ ಇರುವುದು ಘಟಕ ಪ್ರದೇಶ ಮೌಲ್ಯದ ಪದ್ಧತಿ. 1,000 ಚದರಡಿಯ ಮನೆ, ಆ ವಲಯದ ದರ ಚದರಡಿಗೆ ತಿಂಗಳಿಗೆ 2 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ ಗುಣಿಸಿದರೆ 20,000. ಕಟ್ಟಡದ ಸವಕಳಿ ಶೇ 10 ಕಳೆದರೆ 18,000. ವಾಸದ ಮನೆಗೆ ಅದರ ಶೇ 20, ಅಂದರೆ 3,600 ರೂಪಾಯಿ ತೆರಿಗೆ. ಇದರ ಮೇಲೆ ಆರೋಗ್ಯ ಸೆಸ್ ಶೇ 15 (540), ಗ್ರಂಥಾಲಯ ಸೆಸ್ ಶೇ 6 (216), ಭಿಕ್ಷುಕರ ಸೆಸ್ ಶೇ 3 (108). ಈ 864 ರೂಪಾಯಿ ರಸ್ತೆಯದಲ್ಲ. ಗ್ರಂಥಾಲಯ, ಭಿಕ್ಷುಕರ ಪರಿಹಾರದ ಸೆಸ್‌ಗಳನ್ನು ಪಾಲಿಕೆ ವಸೂಲು ಮಾಡಿ ಆಯಾ ಸಂಸ್ಥೆಗೆ ದಾಟಿಸಬೇಕು. 2025ರ ಏಪ್ರಿಲ್‌ನಿಂದ ಇದೇ ರಸೀದಿಯಲ್ಲಿ ಸೇರಿರುವ ಕಸದ ಬಳಕೆದಾರರ ಶುಲ್ಕವೂ ಕಸಕ್ಕೇ. ರಸ್ತೆಗೆ ಸಿಗಬಹುದಾದದ್ದು ಆ 3,600ರ ಒಂದು ಪಾಲು. ಅದರಲ್ಲೇ ಸಿಬ್ಬಂದಿ ಸಂಬಳ, ಬೀದಿದೀಪದ ಕರೆಂಟ್ ಬಿಲ್, ಪಾರ್ಕು, ಚರಂಡಿ, ಹಳೆಯ ಸಾಲದ ಕಂತು ಎಲ್ಲ ಆಗಬೇಕು.

ಒಟ್ಟು ಚಿತ್ರ ಬೇಕಾದರೆ: 2024-25ರಲ್ಲಿ ಬಿಬಿಎಂಪಿ ವಸೂಲು ಮಾಡಿದ ಆಸ್ತಿ ತೆರಿಗೆ ಸುಮಾರು 4,930 ಕೋಟಿ. ಅದರ ಮುಂದಿನ ವರ್ಷಕ್ಕೆ ಮಂಡಿಸಿದ ಬಜೆಟ್ 19,927 ಕೋಟಿ. ನಡುವಿನ ಅಂತರವನ್ನು ತುಂಬಬೇಕಾದದ್ದು ಸರ್ಕಾರದ ಅನುದಾನ, ಶುಲ್ಕಗಳು ಮತ್ತು ಸಾಲ. ನಗರದಲ್ಲಿರುವ ರಸ್ತೆಯ ಉದ್ದ ಸುಮಾರು 13 ಸಾವಿರ ಕಿಲೋಮೀಟರ್, ಅದರಲ್ಲಿ ಮುಖ್ಯ, ಉಪಮುಖ್ಯ ರಸ್ತೆಗಳು ಸಣ್ಣ ಭಾಗ. ಉಳಿದದ್ದೆಲ್ಲ ನಿಮ್ಮದರಂಥ ವಾರ್ಡ್ ರಸ್ತೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಬದಲು ಐದು ಪಾಲಿಕೆಗಳಾಗಿರುವುದರಿಂದ, ನಿಮ್ಮ ಪಾಲಿಕೆಯ ವ್ಯಾಪ್ತಿಯಲ್ಲಿ ಎಷ್ಟು ವಾಣಿಜ್ಯ ಕಟ್ಟಡಗಳಿವೆ ಎಂಬುದೂ ಇನ್ನು ಮುಂದೆ ನಿಮ್ಮ ರಸ್ತೆಯ ಭಾಗ್ಯವನ್ನು ನಿರ್ಧರಿಸುತ್ತದೆ. ಬೆಂಗಳೂರಿನ ಹೊರಗೆ ಲೆಕ್ಕ ಬೇರೆ: ಅಲ್ಲಿ ಆಸ್ತಿ ತೆರಿಗೆ ನೋಂದಣಿ ಇಲಾಖೆಯ ಮಾರ್ಗಸೂಚಿ ಮೌಲ್ಯಕ್ಕೆ ಅಂಟಿಕೊಂಡಿದೆ.

ಮನೆ, ಸೈಟು ಕೊಳ್ಳುವಾಗಲೂ ನಗರದ ಪಾಲೊಂದು ಇರುತ್ತದೆ, ಅದೂ ಚಿಕ್ಕದು. ಒಂದು ಕೋಟಿಯ ಮನೆಗೆ ಶೇ 5 ಮುದ್ರಾಂಕ ಶುಲ್ಕ 5 ಲಕ್ಷ. ಅದರ ಮೇಲೆ ಶೇ 10 ಸೆಸ್ 50,000. ನಗರ ಪ್ರದೇಶದ ಅಧಿಭಾರ, ಶುಲ್ಕದ ಶೇ 2, ಅಂದರೆ 10,000 ರೂಪಾಯಿ. ಸ್ಥಳೀಯ ಸಂಸ್ಥೆಯ ಹೆಸರಿನಲ್ಲಿ ವಸೂಲಾಗುವುದು ಈ ಕೊನೆಯ ಹತ್ತು ಸಾವಿರ ಮಾತ್ರ.

ಇನ್ನು ಅನುದಾನ. ಎಂಜಿನಿಯರ್ ಬಾಯಲ್ಲಿ ಬರುವ ‘ಎಸ್‌ಎಫ್‌ಸಿ’ ಎಂದರೆ ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ, ರಾಜ್ಯದ ಸಾಲೇತರ ನಿವ್ವಳ ಸ್ವಂತ ಆದಾಯದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಪಾಲು. ನೀವು ಕಟ್ಟಿದ ಕಾರು, ಪೆಟ್ರೋಲ್ ತೆರಿಗೆಯ ಒಂದಂಶ ನಗರಕ್ಕೆ ಹಿಂತಿರುಗುವುದು ಹೀಗೆ. ಆದರೆ ಅದು ಬರುವಾಗಲೇ ವೇತನ ಅನುದಾನ, ವಿದ್ಯುತ್ ಅನುದಾನ, ಮುಕ್ತನಿಧಿ ಎಂದು ಹೋಳಾಗಿರುತ್ತದೆ. ಸಣ್ಣ ಪಟ್ಟಣಗಳಲ್ಲಿ ಮೊದಲೆರಡಕ್ಕೇ ಸಿಂಹಪಾಲು. ಮುಕ್ತನಿಧಿಯಲ್ಲೂ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಇದು ಸರಿಯಾದ ನಿಯಮ, ಎಷ್ಟೋ ಕಾಲೊನಿಗಳಿಗೆ ಮೊದಲ ಕಾಂಕ್ರೀಟ್ ರಸ್ತೆ ಬರುವುದು ಈ ಹಣದಿಂದಲೇ. ಆ ಭಾಗವನ್ನು ಬೇರೆ ಬಡಾವಣೆಗೆ ತಿರುಗಿಸುವುದು ಆಕ್ಷೇಪಾರ್ಹ, ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತದೆ.

ಕೇಂದ್ರ ಹಣಕಾಸು ಆಯೋಗದ ಹಣ ರಸ್ತೆಗೆ ಬಿಡುವುದು ಇನ್ನೂ ಬಿಗಿ. 2021-26ರ ಅವಧಿಯ 15ನೇ ಆಯೋಗ, ಹತ್ತು ಲಕ್ಷ ದಾಟಿದ ನಗರ ಸಮೂಹಗಳಿಗೆ ಮೂರನೇ ಒಂದು ಭಾಗ ಗಾಳಿಯ ಗುಣಮಟ್ಟಕ್ಕೆ, ಉಳಿದದ್ದು ನೀರು, ನೈರ್ಮಲ್ಯ, ಕಸಕ್ಕೆ ಎಂದು ಕಟ್ಟುಹಾಕಿತ್ತು. ಉಳಿದ ಪಟ್ಟಣಗಳಿಗೆ ಶೇ 60 ನೀರು-ನೈರ್ಮಲ್ಯಕ್ಕೆ, ಶೇ 40 ಮಾತ್ರ ಮುಕ್ತ. ‘ಕೇಂದ್ರದಿಂದ ಕೋಟಿ ಕೋಟಿ ಬಂದಿದೆ, ರಸ್ತೆ ಮಾಡಿಲ್ಲ’ ಎಂಬ ಆರೋಪ ಮಾಡುವ ಮೊದಲು ಆ ಹಣ ಯಾವ ಶೇಕಡಾವಾರಿನದು ಎಂದು ನೋಡಿ.

ಮುಖ್ಯರಸ್ತೆಗೆ ಸುರಿಯುವ ಕೋಟಿಗಳು ಸಾಮಾನ್ಯವಾಗಿ ಮೂರನೇ ಬಗೆಯವು: ನಗರೋತ್ಥಾನದಂಥ ರಾಜ್ಯ ಯೋಜನೆ, ಅಥವಾ ಮುಖ್ಯಮಂತ್ರಿ, ನಗರಾಭಿವೃದ್ಧಿ ಸಚಿವರ ವಿಶೇಷ ಅನುದಾನ. ಸಚಿವ ಸಂಪುಟ ಅಥವಾ ಇಲಾಖೆ ಕ್ರಿಯಾಯೋಜನೆಗೆ ಒಪ್ಪಿಗೆ ಕೊಡುವಾಗಲೇ ರಸ್ತೆಗಳ ಹೆಸರು ನಮೂದಾಗಿರುತ್ತದೆ. ಪಟ್ಟಿಯಲ್ಲಿಲ್ಲದ ಅಡ್ಡರಸ್ತೆಗೆ ಆ ಹಣದಲ್ಲಿ ಒಂದು ಬುಟ್ಟಿ ಜಲ್ಲಿ ಹಾಕಿದರೂ ತಪ್ಪು. ಜೊತೆಗೆ ಅದು ಬಂಡವಾಳ ವೆಚ್ಚ. ರಸ್ತೆ ಮುಗಿದ ಮೇಲೆ ಅದನ್ನು ಕಾಯುವ ಖರ್ಚು ಪಾಲಿಕೆಯ ಸ್ವಂತ ಆದಾಯದ ಮೇಲೆ ಬೀಳುತ್ತದೆ. ಪ್ರತಿ ಹೊಸ ರಸ್ತೆಯೂ ನಿರ್ವಹಣೆಯ ಹೊರೆಯನ್ನು ಹೆಚ್ಚಿಸುತ್ತ ಹೋಗುತ್ತದೆ, ನಿರ್ವಹಣೆಗೆ ಅನುದಾನ ಕೊಡುವವರು ಮಾತ್ರ ಬಲು ಕಡಿಮೆ.

ಸಾಲದ ಬಗ್ಗೆ ಒಂದೆರಡು ಮಾತು. ದೇಶದಲ್ಲಿ ಮೊದಲು ಪುರಸಭಾ ಬಾಂಡ್ ಹೊರಡಿಸಿದ್ದು ಬೆಂಗಳೂರು ಮಹಾನಗರ ಪಾಲಿಕೆ, 1997ರಲ್ಲಿ, 125 ಕೋಟಿ ರೂಪಾಯಿಗೆ, ರಾಜ್ಯದ ಖಾತರಿಯೊಂದಿಗೆ. ಉದ್ದೇಶ ರಸ್ತೆ ಮತ್ತು ಚರಂಡಿ. ಸಾಲ ತೆರಿಗೆಗೆ ಪರ್ಯಾಯವಲ್ಲ, ಮುಂದಿನ ವರ್ಷಗಳ ತೆರಿಗೆಯನ್ನು ಈಗಲೇ ಖರ್ಚು ಮಾಡುವುದು. ಸುರಂಗ ರಸ್ತೆಯಂಥ ಭಾರಿ ಯೋಜನೆಗಳಲ್ಲಿ ಟೋಲ್ ಕೂಡ ಸೇರುತ್ತದೆ, ಅದು ಬೇರೆಯೇ ಚರ್ಚೆ.

ಮಂಜೂರಾದ ಒಂದು ಕೋಟಿಯೂ ಪೂರ್ತಿ ರಸ್ತೆಯಾಗುವುದಿಲ್ಲ. ಇದನ್ನು ಹಗರಣ ಎಂದು ಭಾವಿಸಬೇಡಿ, ಕಾನೂನಿನ ಲೆಕ್ಕವಿದು. ರಸ್ತೆ ಕಾಮಗಾರಿ ಗುತ್ತಿಗೆಯ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 12ರ ಬದಲು ಶೇ 18 ಆಯಿತು. ಒಂದು ಕೋಟಿಯ ಅನುದಾನದಲ್ಲಿ ಮೊದಲು 89.3 ಲಕ್ಷದ ಕಾಮಗಾರಿ ಆಗುತ್ತಿದ್ದರೆ ಈಗ 84.7 ಲಕ್ಷದ್ದು. ಉಳಿದದ್ದು ತೆರಿಗೆಯಾಗಿ ಕೇಂದ್ರಕ್ಕೂ ರಾಜ್ಯಕ್ಕೂ ಸಮನಾಗಿ ಹಿಂತಿರುಗುತ್ತದೆ, ವ್ಯಾಪಾರಿಗಳಂತೆ ತಾನು ಕಟ್ಟಿದ ಜಿಎಸ್‌ಟಿಯನ್ನು ಹಿಂಪಡೆಯುವ (ಹೂಡುವಳಿ ತೆರಿಗೆ ವಾಪಸಾತಿ) ಸೌಲಭ್ಯ ಪಾಲಿಕೆಗೆ ಇಲ್ಲ. ಅನುದಾನದ ಮೊತ್ತ ಹಾಗೇ ಉಳಿದು ತೆರಿಗೆ ಏರಿದಾಗ ಕಡಿತವಾದದ್ದು ರಸ್ತೆಯ ಉದ್ದ. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1, ಖನಿಜದ ರಾಜಧನ, ಆದಾಯ ತೆರಿಗೆ ಮತ್ತು ಜಿಎಸ್‌ಟಿಯ ಮೂಲ ಕಡಿತಗಳನ್ನು ಗುತ್ತಿಗೆದಾರರ ಬಿಲ್ಲಿನಲ್ಲೇ ಹಿಡಿಯುತ್ತಾರೆ.

ಅದಕ್ಕಿಂತ ದೊಡ್ಡ ನಷ್ಟ ಬಿಲ್ಲು ತಡವಾಗುವುದರಿಂದ. ಬಜೆಟ್‌ನಲ್ಲಿ ಆದಾಯವನ್ನು ಉಬ್ಬಿಸಿ ತೋರಿಸಿದರೆ, ಕೈಯಲ್ಲಿ ಹಣವಿಲ್ಲದೆಯೇ ಕಾಮಗಾರಿ ಸಂಖ್ಯೆ ಕೊಟ್ಟು ಕಾರ್ಯಾದೇಶ ಹೊರಡುತ್ತದೆ. ಕೆಲಸ ಮುಗಿದ ಬಿಲ್ಲುಗಳು ಜ್ಯೇಷ್ಠತಾ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂರುತ್ತವೆ, ಮುಂದಿನ ವರ್ಷದ ಆದಾಯ ಹಳೆ ಬಾಕಿಗೇ ಸರಿಯಾಗುತ್ತದೆ. ಹಣ ಯಾವಾಗ ಬರುತ್ತದೋ ಗೊತ್ತಿಲ್ಲದ ಗುತ್ತಿಗೆದಾರ ಬಡ್ಡಿಯನ್ನು ಟೆಂಡರ್ ದರದಲ್ಲೇ ಸೇರಿಸುತ್ತಾನೆ, ಅಥವಾ ಡಾಂಬರಿನ ದಪ್ಪದಲ್ಲಿ ಉಳಿಸುತ್ತಾನೆ.

ಆ ದಪ್ಪವನ್ನು ನೀವೇ ಲೆಕ್ಕ ಹಾಕಬಹುದು. 1 ಕಿಲೋಮೀಟರ್ ಉದ್ದ, 7 ಮೀಟರ್ ಅಗಲ, 40 ಮಿಲಿಮೀಟರ್ ಮೇಲ್ಪದರ ಎಂದರೆ 280 ಘನ ಮೀಟರ್. ಅದುಮಿದ ಮಿಶ್ರಣ ಘನ ಮೀಟರಿಗೆ ಸುಮಾರು 2.4 ಟನ್ ತೂಗುತ್ತದೆ, ಹಾಗಾಗಿ 672 ಟನ್ ಬರಬೇಕು. ಬಿಟುಮೆನ್ ಶೇ 5.5 ಎಂದು ಹಿಡಿದರೆ ಸುಮಾರು 37 ಟನ್. ಟಿಪ್ಪರ್ ತೂಕದ ಚೀಟಿಗಳನ್ನು ಕೂಡಿದರೆ 500 ಟನ್ ಮಾತ್ರ ಎಂದಾದರೆ ಬಿದ್ದಿರುವುದು 30 ಮಿಲಿಮೀಟರ್ ಪದರ. ಬಿಲ್ 40ಕ್ಕೆ ಆಗಿದ್ದರೆ ಆ ಪದರಕ್ಕೆ ಕೊಟ್ಟ ಪ್ರತಿ ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿಗೆ ಕೆಲಸವೇ ಆಗಿಲ್ಲ. ಸಂಶಯ ಬಂದರೆ ರಸ್ತೆಯಲ್ಲಿ ಕೋರ್ (ಯಂತ್ರದಿಂದ ಕೊರೆದು ತೆಗೆದ ದುಂಡನೆಯ ತುಂಡು) ತೆಗೆದು ಅಳೆಯಬೇಕು, ಮೇಲಿನಿಂದ ನೋಡಿ ಯಾರೂ ಹೇಳಲಾರರು.

ರಸ್ತೆ ಅಗೆತದ ಹಣವನ್ನು ಬಹಳ ಜನ ಗಮನಿಸುವುದೇ ಇಲ್ಲ. ನೀರಿನ ಮಂಡಳಿ, ಬೆಸ್ಕಾಂ, ಅನಿಲ ಮತ್ತು ಕೇಬಲ್ ಕಂಪನಿಗಳು ರಸ್ತೆ ಅಗೆಯಲು ಅನುಮತಿ ಪಡೆಯುವಾಗ ಮರುಸ್ಥಾಪನೆ ಶುಲ್ಕ ಕಟ್ಟುತ್ತವೆ, ಇಲ್ಲವೇ ತಾವೇ ಸರಿಪಡಿಸುವ ಹೊಣೆ ಹೊರುತ್ತವೆ. ಬೆಂಗಳೂರಿನಲ್ಲಿ ಈ ಅನುಮತಿಗಳಿಗೆ ‘ಮಾರ್ಕ್ಸ್’ ಎಂಬ ಆನ್‌ಲೈನ್ ವ್ಯವಸ್ಥೆಯಿದೆ. ಶುಲ್ಕ ಸಾಮಾನ್ಯ ನಿಧಿಗೆ ಸೇರಿ ಬೇರೆಡೆ ಖರ್ಚಾದರೆ, ನಿಮ್ಮ ಬೀದಿಯ ಅಗೆತ ಹಾಗೇ ಉಳಿಯುತ್ತದೆ. ನಿಮ್ಮ ರಸ್ತೆಯನ್ನು ಯಾರು ಅಗೆದರು, ಎಷ್ಟು ಕಟ್ಟಿದರು ಎಂದು ಕೇಳಿದರೆ ‘ಅನುದಾನ ಇಲ್ಲ’ ಎಂಬ ಉತ್ತರಕ್ಕೆ ಆಸ್ಪದ ಇರುವುದಿಲ್ಲ, ಏಕೆಂದರೆ ಆ ಕೆಲಸದ ಹಣ ಮುಂಗಡವಾಗಿಯೇ ಬಂದಿರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ, ಪತ್ತೆ ಹಚ್ಚುವ ಬಗೆ. ಮೊದಲು ರಸ್ತೆ ಯಾರ ಸ್ವತ್ತು ಎಂದು ತಿಳಿದುಕೊಳ್ಳಿ: ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ, ಪಾಲಿಕೆ, ಇನ್ನೂ ಹಸ್ತಾಂತರವಾಗದ ಬಿಡಿಎ ಬಡಾವಣೆ, ಅಥವಾ ಖಾಸಗಿ ಲೇಔಟ್. ಹಸ್ತಾಂತರವಾಗದ ಬಡಾವಣೆಯಲ್ಲಿ ಪಾಲಿಕೆಯ ಬಾಗಿಲು ಬಡಿದು ಪ್ರಯೋಜನವಿಲ್ಲ. ರಸ್ತೆ ಪಾಲಿಕೆಯದೇ ಆಗಿದ್ದರೆ ವಾರ್ಡಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಕಚೇರಿಯಲ್ಲಿ ಕಾಮಗಾರಿ ಸಂಖ್ಯೆ ಕೇಳಿ. ಮುಂದಿನ ದಾಖಲೆಗಳೆಲ್ಲ ಆ ಸಂಖ್ಯೆಗೇ ಜೋಡಿಸಿರುತ್ತವೆ.

ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಆದ್ದರಿಂದ ‘ನಮ್ಮ ವಾರ್ಡಿನ ಎಲ್ಲ ರಸ್ತೆ’ ಎಂದು ಬರೆಯಬೇಡಿ, ಅಂಥ ಅರ್ಜಿಗಳು ಈ ಕಾರಣಕ್ಕೇ ತಿರಸ್ಕೃತವಾಗುತ್ತವೆ. ಒಂದು ರಸ್ತೆಯನ್ನು ಎಲ್ಲಿಂದ ಎಲ್ಲಿಗೆ ಎಂದು ಗುರುತಿಸಿ, ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಪಾವತಿಸಿದ ಬಿಲ್ ಇವಿಷ್ಟನ್ನು ಕೇಳಿ. ಅನುಮೋದನೆಯ ಪತ್ರದಲ್ಲಿ ಲೆಕ್ಕಶೀರ್ಷಿಕೆ ಇರುತ್ತದೆ; ಹಣ ಎಸ್‌ಎಫ್‌ಸಿಯದೋ, ನಗರೋತ್ಥಾನದ್ದೋ, ಪಾಲಿಕೆ ನಿಧಿಯದೋ ಎಂಬುದು ಅಲ್ಲೇ ತಿಳಿಯುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಕಾಗದ ಮಾತ್ರವಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕಾಯ್ದೆಯ 2(ಜೆ) ಕಲಮು ಕೊಟ್ಟಿದೆ. ಇದನ್ನು ಬಳಸುವವರು ಕಡಿಮೆ, ಬಳಸಿದಲ್ಲಿ ಪರಿಣಾಮ ದೊಡ್ಡದು.

ಕಾರ್ಯಾದೇಶ ಕೈಗೆ ಬಂದ ಕೂಡಲೇ ದೋಷ ಹೊಣೆಗಾರಿಕೆ ಅವಧಿಯನ್ನು ನೋಡಿ. ಆ ಅವಧಿಯೊಳಗೆ ರಸ್ತೆ ಕಿತ್ತುಹೋದರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ಅವನ ಭದ್ರತಾ ಠೇವಣಿ ಪಾಲಿಕೆಯ ಬಳಿಯೇ ಇರುತ್ತದೆ. ಅಂಥ ರಸ್ತೆಯ ಗುಂಡಿಯನ್ನು ವಾರ್ಡಿನ ನಿರ್ವಹಣಾ ಹಣದಿಂದ ಮುಚ್ಚಿದರೆ ಒಂದೇ ಕೆಲಸಕ್ಕೆ ಎರಡು ಸಲ ತೆರಿಗೆ ಹಣ ಹೋದಂತೆ. ನಿಮ್ಮ ಮುಖ್ಯರಸ್ತೆಯಲ್ಲಿ ಹೀಗಾಗುತ್ತಿದ್ದರೆ, ಉಳಿಯಬೇಕಿದ್ದ ಆ ಹಣವೇ ನಿಮ್ಮ ಅಡ್ಡರಸ್ತೆಯದು. ಕಾಮಗಾರಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಗುಂಡಿಯ ಫೋಟೊ ಸೇರಿಸಿ ಕಾರ್ಯಪಾಲಕ ಎಂಜಿನಿಯರ್ ಅವರಿಗೆ ಲಿಖಿತ ದೂರು ಕೊಡಿ. ಸ್ವೀಕೃತಿ ಪಡೆಯಲು ಮರೆಯಬೇಡಿ. ಠೇವಣಿ ಬಿಡುಗಡೆಯಾಗುವ ಮೊದಲೇ ದೂರು ಕಡತ ಸೇರಿರಬೇಕು.

ನಿಮ್ಮ ಅಡ್ಡರಸ್ತೆಗೆ ಇದುವರೆಗೆ ಕಾಮಗಾರಿ ಸಂಖ್ಯೆಯೇ ಇಲ್ಲವೆಂದಾದರೆ, ಬೇಡಿಕೆ ಸಲ್ಲಿಸುವ ಕಾಲ ಡಿಸೆಂಬರ್, ಜನವರಿ. ಬಜೆಟ್ ಪೂರ್ವಭಾವಿ ಸಭೆಗಳು ನಡೆಯುವುದು ಆಗಲೇ. ಏಪ್ರಿಲ್‌ನಲ್ಲಿ ಕೊಟ್ಟ ಮನವಿ ಮತ್ತೊಂದು ವರ್ಷ ಕಾಯುತ್ತದೆ. ಮನವಿಯಲ್ಲಿ ‘ರಸ್ತೆ ಮಾಡಿಕೊಡಿ’ ಎಂದಷ್ಟೇ ಬರೆಯದೆ, ಉದ್ದ, ಅಗಲ, ಮಳೆನೀರು ನಿಲ್ಲುವ ಜಾಗ, ಪಕ್ಕದ ಚರಂಡಿಯ ಸ್ಥಿತಿ ನಮೂದಿಸಿ. ಅಂದಾಜು ಪಟ್ಟಿ ತಯಾರಾಗುವಾಗ ಚರಂಡಿಯ ಬಾಬು ಅದರಲ್ಲಿ ಸೇರಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ನೀರು ಹರಿದುಹೋಗಲು ದಾರಿಯಿಲ್ಲದ ರಸ್ತೆಗೆ ಎಷ್ಟು ದಪ್ಪ ಡಾಂಬರು ಹಾಕಿದರೂ ಮಳೆಗಾಲದಲ್ಲಿ ನೀರು ಪದರದೊಳಗೆ ಇಳಿದು, ಜಲ್ಲಿಗೂ ಬಿಟುಮೆನ್‌ಗೂ ಇರುವ ಹಿಡಿತ ಬಿಟ್ಟುಹೋಗುತ್ತದೆ. ಮೊತ್ತ ಸಾಲದು ಎಂದು ಎಂಜಿನಿಯರ್ ಚರಂಡಿಯನ್ನು ಕೈಬಿಡಲು ಹೊರಟರೆ, ಅದೇ ಮೊತ್ತಕ್ಕೆ ಅರ್ಧ ರಸ್ತೆಯನ್ನು ಚರಂಡಿ ಸಮೇತ ಈ ವರ್ಷ ಮಾಡಿ, ಉಳಿದರ್ಧವನ್ನು ಮುಂದಿನ ಕ್ರಿಯಾಯೋಜನೆಗೆ ಸೇರಿಸಿ ಎಂದು ಬರವಣಿಗೆಯಲ್ಲೇ ಕೇಳಿ.